ಹೊತ್ತಿಕೊಳ್ಳದ ಶೆಗಡಿ

ಮೊನ್ನೆ ಶಾಲೆಯಲ್ಲಿ ನಮ್ಮ ಹೆಡ್ ಮಾಸ್ತರರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಏನ್ರಿ ಮಾಸ್ತರ, ಇತ್ತಿತ್ಲಾಗ ಭಕ್ತಿ ಭಾಳ ಹೆಚ್ಚಾಗೇತಲ್ಲ? ವಿಭೂತಿ ಕಿವಿತನಕಾ ಹೋಗೇತಿ!"

ವಿಭೂತಿ ಎಲ್ಲಿಂದ ಬರಬೇಕು? ಅದು ನಮ್ಮ ಮನೆಯ ಶೆಗಡಿಯ ಬೂದಿ.

ಹೌದು, ಅದೇ ಶೆಗಡಿ. ಮೂರು ವಾರದ ಹಿಂದೆ ಈ ಪತ್ರಿಕೆಯ ಇದೇ ಜಾಗದಲ್ಲಿ ನಾನು ಬಾಯಿ ತುಂಬ ಹೊಗಳಿದ, ಇದ್ದಲಿ ಹಾಕಿ ಉರಿಸುವ ತಗಡಿನ ಒಲೆ. "ಹೊಗೆಯಿಲ್ಲ, ಊದುವ ಕೆಲಸವಿಲ್ಲ, ಹೆಂಗಸರ ಕಣ್ಣೀರಿಲ್ಲ" ಎಂದು ಬರೆದಿದ್ದೆ. (ಯುದ್ಧದ ಕಾಲ, ಕಾಗದಕ್ಕೆ ಅಭಾವ. ಆದರೂ ಸಂಪಾದಕರು ಆ ವಾರ ಒಂದು ಸಾಲನ್ನೂ ಕತ್ತರಿಸಲಿಲ್ಲ. ಕತ್ತರಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು.) ಅದನ್ನು ಓದಿ ನಮ್ಮ ಕೊಣ್ಣೂರಿನಲ್ಲೇ ಇಬ್ಬರು ಶೆಗಡಿ ತಂದರು. ಅವರ ಮನೆಯಲ್ಲಿ ಚೆನ್ನಾಗಿ ಉರಿಯುತ್ತಿದೆಯಂತೆ. ನಮ್ಮದು ಮಾತ್ರ ಹೊತ್ತಿಕೊಳ್ಳಲು ಒಲ್ಲೆನೆಂದಿತು!

ಶೆಗಡಿ ತಂದದ್ದು ಶೋಕಿಗಲ್ಲ. ನನ್ನ ಹೆಂಡತಿ ಗಂಗವ್ವ ಘೋಡಗೇರಿಯವಳು, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಈ ಚಳಿಗಾಲದಲ್ಲಿ ಅವಳಿಗೆ ಸೂಜಿಗೆ ದಾರ ಪೋಣಿಸುವುದೇ ಆಗಲಿಲ್ಲ. ಕಣ್ಣು ಸದಾ ಕೆಂಪು, ಸದಾ ನೀರು. ಗೋಕಾಕಿನ ಡಾಕ್ಟರರು ರೆಪ್ಪೆ ಎತ್ತಿ ನೋಡಿ ನನ್ನನ್ನೇ ಗದರಿಸಿದರು: "ಔಷಧ ನಾ ಕೊಡ್ತೀನ್ರಿ. ಕಟ್ಟಿಗಿ ಹೊಗಿ ನೀವ ಬಿಡಸ್ಬೇಕು. ಇಲ್ಲಂದ್ರ ಈ ಕಣ್ಣು ಉಳಿಯಾಂಗಿಲ್ಲ."

ಮರುದಿನವೇ ಬೆಳಗಾವಿಗೆ ಹೋದೆ. ತಗಡಿನ ಶೆಗಡಿ ತಂದೆ. ಅಂಗಡಿಯವನು ಗಾಳಿ ಎಲ್ಲಿಂದ ಹೋಗಬೇಕು, ಬೂದಿ ಎಲ್ಲಿಂದ ತೆಗೆಯಬೇಕು ಎಂದು ತಿರುಗಿಸಿ ತಿರುಗಿಸಿ ತೋರಿಸಿದ. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಆಗಲೇ ನಾನು ಆ ವಾರದ ಬರಹದ ಮೊದಲ ಸಾಲು ಹೊಸೆಯುತ್ತಿದ್ದೆ.

ನಮ್ಮವ್ವನಿಗೆ ಅದು ಸೇರಲಿಲ್ಲ. "ತಗಡಿನ ಡಬ್ಬಿಯಾಗ ಅಡಗಿ ಹೆಂಗ ಆಕ್ಕೈತೋ?" ಎಂದಳು. ಆದರೂ ಸೊಸೆಯ ಕಣ್ಣಿಗಾಗಿ ಒಪ್ಪಿದಳು. ಒಂದೇ ಕರಾರು: ಒಲೆಗೆ ನಡೆಯುವುದೆಲ್ಲ ಶೆಗಡಿಗೂ ನಡೆಯಬೇಕು. ದಿನಾ ಬೆಳಗ್ಗೆ ಸಗಣಿ, ಕೆಮ್ಮಣ್ಣು ಕಲಸಿ ಸಾರಿಸಬೇಕು. ಸಾರಿಸದ ಒಲೆಗೆ ಬೆಂಕಿ ಹಾಕುವುದುಂಟೇ? ಅವ್ವ ತಾನೇ ನಸುಕಿನಲ್ಲಿ ಎದ್ದು ಸಾರಿಸಿ, ವಿಭೂತಿ ಎಳೆದು, ಕುಂಕುಮ ಇಡುತ್ತಿದ್ದಳು.

ನಾಲ್ಕು ದಿನ ಶೆಗಡಿ ಧಗಧಗ ಉರಿಯಿತು. ಐದನೆಯ ದಿನ ಖುಷಿಯಿಂದ ಆ ಬರಹ ಬರೆದು ಟಪಾಲಿಗೆ ಹಾಕಿದೆ. ಅಂದಿನಿಂದಲೇ ಶೆಗಡಿ ಮುನಿಸಿಕೊಂಡಿತು.

ಇದ್ದಲಿ ಕೆಂಪಗಾಗುವುದು, ಮುಖ ಕಪ್ಪಗೆ ಮಾಡಿಕೊಂಡು ಕೂಡುವುದು. ಬೇಳೆ ಬೇಯಲು ಮಧ್ಯಾಹ್ನವಾಗುವುದು. ನಾನು ಮೊದಲು ಇದ್ದಲಿಯನ್ನು ಬೈದೆ. ಹಸಿ ಇರಬೇಕೆಂದು ಮಾಳಿಗೆಯ ಮೇಲೆ ಹರವಿ ಒಣಗಿಸಿದೆ. ದಪ್ಪವಾಯಿತೆಂದು ಕುಟ್ಟಿ ಸಣ್ಣದು ಮಾಡಿದೆ. ಸಣ್ಣದಾಯಿತೆಂದು ಮತ್ತೆ ದಪ್ಪದು ತಂದೆ. ಶೆಗಡಿಯನ್ನು ಕಿಟಕಿಯ ಬಳಿ ಇಟ್ಟೆ, ಬಾಗಿಲ ಬಳಿ ಇಟ್ಟೆ. ಕೊನೆಗೆ ಊದುಗೊಳವೆ ಹಿಡಿದು ಮೇಲಿನಿಂದ ಊದಿದೆ. ಬೂದಿಯೆಲ್ಲ ನನ್ನ ಹಣೆಗೆ ಬಂತು. ಹೆಡ್ ಮಾಸ್ತರರು ಕಂಡದ್ದು ಅದನ್ನೇ.

ಅವ್ವ ಗಡುವು ಕೊಟ್ಟಳು. "ಅಮಾಸಿತನಾ ನೋಡ್ತೀನಿ. ಆಮ್ಯಾಲ ನನ್ನ ಮಣ್ಣಿನ ಒಲಿ ನಾ ಹಾಕ್ಕೋತೀನಿ. ನಲವತ್ತು ವರ್ಸ ಕಟ್ಟಿಗಿ ಊದೀನಿ, ನನ್ನ ಕಣ್ಣಿಗೇನಾಗೇತಿ?"

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

ಪಕ್ಕದ ಮನೆಯ ಇಮಾಮಸಾಬರು ರೈಲು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಬೆಂಕಿಯ ಜೊತೆಗೇ ಸಂಸಾರ ಮಾಡಿದವರು. ಅವರನ್ನು ಕರೆತಂದೆ. ಅವರು ಇದ್ದಲಿಯನ್ನು ಮುಟ್ಟಲೇ ಇಲ್ಲ. ಶೆಗಡಿಯನ್ನು ಒಂದು ಸುತ್ತು ತಿರುಗಿಸಿದರು.

"ಮಾಸ್ತರ, ಇದರ ಬಾಯಿ ಎಲ್ಲೈತ್ರಿ?"

ನಾನು ಮೇಲಿನ ಕುಳಿ ತೋರಿಸಿದೆ.

"ಅದು ಹೊಟ್ಟಿರಿ. ಗಾಳಿ ತಗೊಳ್ಳೂ ಬಾಯಿ ಎಲ್ಲೈತಿ?"

ಸುತ್ತಲೂ ನುಣ್ಣಗೆ ಸಾರಿಸಿದ ಮಣ್ಣು. ನಡುವೆ ವಿಭೂತಿ, ಕುಂಕುಮ. ಇಮಾಮಸಾಬರು ಇಕ್ಕಳದಿಂದ ಅಲ್ಲಲ್ಲಿ ಬಡಿದರು. ಕುಂಕುಮದ ಕೆಳಗೆ ಸಪ್ಪಳ ಬೇರೆ ಬಂತು. ಒಂದು ಪೆಟ್ಟು ಹಾಕಿದರು. ಅಂಗೈಯಗಲದ ಮಣ್ಣಿನ ಬಿಲ್ಲೆ ಕಳಚಿ ಬಿತ್ತು. ಅದರ ಹಿಂದೆ ಬೂದಿ ಸುರಿಯಿತು ನೋಡಿ, ಬುಟ್ಟಿ ತುಂಬುವಷ್ಟು! ಒಳಗಿನ ಸರಳುಗಳವರೆಗೂ ತುಂಬಿಕೊಂಡಿತ್ತು. ಎರಡು ನಿಮಿಷದಲ್ಲಿ ಇದ್ದಲಿ ಕೆಂಪಗೆ ನಕ್ಕಿತು. ನಾವೂ ನಕ್ಕೆವು.

ಸಪ್ಪಳ ಕೇಳಿ ಅವ್ವ ಬಂದಳು. "ಯಾಕ್ ಒಡದ್ರಿ ಅದನ್ನ? ತಗಡು ಒಡದು ಬೂದಿ ಸೋರಾಕತ್ತಿತ್ತು. ಕೈಗೆ ಹತ್ತಿತು, ಅದಕ್ಕ ಮೆತ್ತೀನಿ."

"ಒಡಕಲ್ಲಬೇ, ಅದು ಬಾಯಿ. ಚೌಕ ಐತಿ, ಅಂಗೈಯಷ್ಟು ಐತಿ. ಕಾಣಲಿಲ್ಲೇನ?" ಎಂದೆ.

ಅವ್ವ ಶೆಗಡಿಯ ಕಡೆ ಬಗ್ಗಿದಳು. ಕಣ್ಣು ಕಿರಿದು ಮಾಡಿದಳು. ಕೊನೆಗೆ ಕೈಯಿಂದಲೇ ತಡವಿ ನೋಡಿದಳು.

"ಮುಂಜಾನಿ ನನಗ ಅಷ್ಟು ಕಾಣಾಂಗಿಲ್ಲಪಾ" ಎಂದಳು. ಕೈಯ ಬೂದಿ ಒರೆಸಿಕೊಳ್ಳುತ್ತ, "ಸಂಜೀಕೂ ಅಷ್ಟ" ಎಂದಳು.

ನನ್ನ ನಗು ಅಲ್ಲೇ ನಿಂತಿತು. ನಲವತ್ತು ವರ್ಷದ ಹೊಗೆ ಯಾರ ಕಣ್ಣಿಗೆ ಏನು ಮಾಡಿದೆ ಎನ್ನುವುದು ಆ ಬಿಲ್ಲೆಯ ಮೇಲೆ ಬೆರಳಚ್ಚಿನ ಸಮೇತ ಕಾಣುತ್ತಿತ್ತು. ಆದರೆ ಇಮಾಮಸಾಬರು ಜಾಣರು. "ಅವ್ವಾರ, ನಾವೂ ಇಂಜಿನ್ನಿಗೆ ಪೂಜಿ ಮಾಡ್ತೀವ್ರಿ. ಹೂವ ಹಾಕ್ತೀವಿ, ಕಾಯಿ ಒಡೀತೀವಿ. ಅದರ ಉಸರ ಅಷ್ಟ ಕಟ್ಟಾಂಗಿಲ್ಲ" ಎಂದರು. ಅವ್ವ ನಕ್ಕುಬಿಟ್ಟಳು. "ಎಪ್ಪಾ, ಇಷ್ಟು ದಿನ ಅಗ್ನಿದೇವರಿಗೆ ಉಸರ ಕಟ್ಟಿಸಿದ್ನಲ್ಲೋ!" ಎಂದು ಕೆನ್ನೆ ಬಡಿದುಕೊಂಡಳು.

ಈಗ ಬಾಯಿ ಬಿಟ್ಟು ಸುತ್ತ ಸಾರಿಸುತ್ತಾಳೆ. ದಿನಾ ಬೂದಿ ತೆಗೆಯುವುದು ನನ್ನ ಪಾಲಿಗೆ ಬಂದಿದೆ. (ಅದರಲ್ಲೇ ಪಾತ್ರೆ ತಿಕ್ಕುವುದೂ ಬರಬಹುದೆಂಬ ಭಯವಿದೆ.) ಅಮಾವಾಸ್ಯೆಯ ದಿನ ಹೋಳಿಗೆ ಶೆಗಡಿಯ ಮೇಲೆಯೇ ಬೆಂದವು. ಮರುದಿನ ಇಬ್ಬರನ್ನೂ ಗೋಕಾಕಿಗೆ ಕರೆದೊಯ್ದೆ. ಅವ್ವನ ಕಣ್ಣಲ್ಲಿ ಪೊರೆಯೂ ಇದೆ, ತೆಗೆಯಬಹುದು ಎಂದರು ಡಾಕ್ಟರರು. ಗಂಗವ್ವನ ಕಣ್ಣು ಉಳಿಯುತ್ತದೆ ಎಂದರು. ದಾರಿಯುದ್ದಕ್ಕೂ ಅತ್ತೆ ಸೊಸೆ ನನ್ನ ಊದುಗೊಳವೆಯ ಕಥೆ ಹೇಳಿಕೊಂಡು ನಕ್ಕರು. ನಗಲಿ ಬಿಡಿ. ನನಗೂ ಹಾಯೆನಿಸಿತು.

ಮನೆಗೆ ಬಂದ ಮೇಲೆ ಗಂಗವ್ವನಿಗೆ ದೊಡ್ಡಸ್ತಿಕೆಯಿಂದ ಹೇಳಿದೆ: "ನೋಡು, ಇಮಾಮಸಾಬರನ್ನ ಕರಕೊಂಡು ಬಂದಾಂವ ನಾನ."

"ನಾ ಅವತ್ತ ಹೇಳಿದ್ನಲ್ರಿ" ಎಂದಳು ಗಂಗವ್ವ.

"ಏನ ಹೇಳಿದ್ದಿ?"

"ಅತ್ತಿಯಾರಿಗೆ ಕಣ್ಣು ಕಾಣವಲ್ವು, ಶೆಗಡಿ ಬಾಯಿಗೆ ಮಣ್ಣು ಮೆತ್ತಾಕತ್ತಾರ ಅಂತ. ನಾಕ ದಿನ ನಾ ಕಡ್ಡಿ ಹಾಕಿ ಬಿಚ್ಚತಿದ್ನಿ, ಅವರು ಮುಂಜಾನಿ ಮತ್ತ ಮುಚ್ಚತಿದ್ರು. ಐದನೇ ದಿನ ಮಣ್ಣು ಗಟ್ಟಿಯಾಗಿ ಕಡ್ಡಿ ಇಳಿಯಲಿಲ್ಲ. ಸೊಸಿ ಆಗಿ ಅವರಿಗೆ 'ನಿಮಗ ಕಾಣವಲ್ದು' ಅಂತ ನಾ ಹೆಂಗ ಹೇಳ್ಲಿ? ಅದಕ್ಕ ನಿಮಗ ಹೇಳಿದ್ನಿ. ನೀವು ಹೂಂ ಅಂದ್ರಿ."

"ನಾನೆಲ್ಲಿದ್ದೆ?"

"ಇಲ್ಲೇ ಇದ್ರಿ. ಶೆಗಡಿ ಮ್ಯಾಲ ಲೇಖನ ಬರಿಯಾಕತ್ತಿದ್ರಿ."

ಇಬ್ಬರ ಕಣ್ಣಿಗೂ ಗೋಕಾಕಿನಲ್ಲಿ ಡಾಕ್ಟರರಿದ್ದಾರೆ. ನನ್ನ ಕಿವಿಯನ್ನು ಯಾರಿಗೆ ತೋರಿಸಲಿ?