ಕೃಷ್ಣಾರ್ಪಣ ಯಾರಿಗೆ

ಸುಲೋಚನಮ್ಮನ ವಿಷಯ ಎತ್ತಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯವಳು. ಅವಳಪ್ಪ ಹಾಸಿಗೆ ಹಿಡಿದ ಮೇಲೆ ಅವನ ತೆಂಗಿನ ತೋಟ ಉಳಿಸಿದವಳು ಅವಳೇ. ನೀರು ಕಟ್ಟಿದ್ದು, ಗರಿ ಹೊತ್ತಿದ್ದು, ಕಾಯಿ ಕೀಳಿಸಿದ್ದು, ಕೊನೆಗೆ ಅಪ್ಪನ ಹೇಲು ಉಚ್ಚೆ ಬಳಿದದ್ದೂ ಅವಳೇ. ಅವಳ ತಮ್ಮ ತೀರ್ಥಪ್ಪ ತರೀಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡು, ಹಬ್ಬಕ್ಕೊಮ್ಮೆ ಬಂದು ಎಳನೀರು ಕುಡಿದು ಹೋಗುತ್ತಿದ್ದ.

ಅಪ್ಪ ತೀರಿಕೊಂಡ ಮರುವರ್ಷ ಗೌರಿ ಹಬ್ಬಕ್ಕೆ ಅವನು ಅಕ್ಕನಿಗೆ ಬಾಗಿನ ತಂದ. ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ಜೊತೆಗೆ ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಇದೊಂದು ಹಾಳು ಪದ್ಧತಿ. ಹೆಣ್ಣುಮಗಳು ಅರಿಶಿನ ಕುಂಕುಮ ಈಸಿಕೊಂಡು ಆಸ್ತಿ ಬಿಟ್ಟು ಸಹಿ ಹಾಕಬೇಕು. ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿದ ಹಾಗೆ. ಬೆಂಬಲಕ್ಕೆ ದೊಡ್ಡಪ್ಪ ಕರಿಯಪ್ಪನನ್ನೂ ಕರೆತಂದಿದ್ದ. ಬಾಗಿನ ನೋಡಲು ಹೋದ ನಾನು ಬಾಗಿಲಲ್ಲೇ ನಿಂತೆ.

"ಹೋಗ್ಲಿ ಬಿಡವ್ವ, ಒಡಹುಟ್ಟಿದೋನು. ಕೃಷ್ಣಾರ್ಪಣ ಅಂದ್ಬಿಡು," ಎಂದ ಕರಿಯಪ್ಪ.

ಈ ಮಾತು ಎಲ್ಲರ ಬಾಯಲ್ಲೂ ಸಲೀಸು. ಕೊಡೆ ಬಸ್ಸಲ್ಲಿ ಮರೆತರೂ ಕೃಷ್ಣಾರ್ಪಣ, ಕೋಳಿಯನ್ನು ನಾಯಿ ಕಚ್ಚಿಕೊಂಡು ಹೋದರೂ ಕೃಷ್ಣಾರ್ಪಣ. ಕಳಕೊಂಡವರ ಬಾಯಿ ಮುಚ್ಚಿಸಲು ಇದಕ್ಕಿಂತ ಅಗ್ಗದ ಮಾತು ಇನ್ನೊಂದಿಲ್ಲ.

"ದೊಡ್ಡಪ್ಪ, ಪೂಜೇಲಿ ಆ ಮಾತು ಯಾವಾಗ ಹೇಳ್ತಾರೆ?" ಎಂದು ಸುಲೋಚನಮ್ಮ ಕೇಳಿದಳು.

"ಪೂಜೆ ಮುಗಿದ್ಮೇಲೆ. ಅಂಗೈಲಿ ನೀರು ತಗಂಡು, ಇದರ ಫಲ ಎಲ್ಲಾ ದೇವ್ರಿಗೆ ಅಂತ ಬಿಡ್ತಾರೆ."

"ಯಾರು ಬಿಡೋದು?"

"ಪೂಜೆ ಮಾಡ್ದೋರು ಕಣವ್ವ."

"ಹಂಗಾದ್ರೆ ತೋಟ ಮಾಡ್ದೋಳು ನಾನು. ಬಿಟ್ರೆ ದೇವ್ರಿಗೆ ಬಿಡ್ತೀನಿ, ಇವನಿಗಲ್ಲ. ಲೇ ತೀರ್ಥ, ನನ್ನ ಪಾಲು ಗುಡಿಗೆ ಬರ್ಕೊಡ್ತೀನಿ, ನಿನ್ನ ಪಾಲೂ ಬರ್ಕೊಡು. ಇಬ್ರೂ ಒಟ್ಟಿಗೆ ಕೃಷ್ಣಾರ್ಪಣ ಅನ್ನೋಣ."

ತೀರ್ಥಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ತಲೆ ಕೆಟ್ಟಿದ್ಯಾ ನಿಂಗೆ? ಅದು ನಮ್ಮಪ್ಪನ ತೋಟ."

"ನಂಗೂ ಅವನೇ ಕಣೋ ಅಪ್ಪ."

ಅವನು ಮೊರ ಎತ್ತಿಕೊಂಡು ಎದ್ದ. "ಇನ್ಮೇಲೆ ನಿಂಗೆ ತವರಿಲ್ಲ," ಎಂದು ಹೊಸಿಲು ದಾಟಿದ. ಅಕ್ಕನಿಗೆ ತಂದ ಬಾಗಿನವನ್ನು ವಾಪಸ್ ಹೊತ್ತುಕೊಂಡು ಹೋದ ಗಂಡಸನ್ನು ನಾನು ಅವತ್ತೇ ಕಂಡದ್ದು, ಥೂ. ಕರಿಯಪ್ಪ ನೆಲ ನೋಡುತ್ತಾ ಅವನ ಹಿಂದೆಯೇ ಹೋದ.

ಸುಲೋಚನಮ್ಮ ಕಂಬಕ್ಕೆ ಒರಗಿ ಕೂತು ಅತ್ತಳು. ನನಗೆ ತಡೆಯಲಾಗಲಿಲ್ಲ.

"ತೋಟ ಉಳೀತಲ್ಲಕ್ಕ, ಅಂಥೋನಿಗೋಸ್ಕರ ಯಾಕೆ ಅಳ್ತೀಯ?" ಎಂದು ಗದರಿದೆ.

"ಅವನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ ಕಣೇ ಭುವನಾ," ಎಂದಳು. "ಪತ್ರ ತರದೆ ಬಂದು ಅಕ್ಕ, ತೋಟ ಕೊಡು ಅಂತ ಒಂದು ಮಾತು ಕೇಳಿದ್ರೆ ಕೊಟ್ಬಿಡ್ತಿದ್ದೆ."