ಮಿಸ್ತ್ರಿ ಹಾಕಿದ ಬುಶ್

ಗಾಡಿ ರಿಪೇರಿಯ ಮಿಸ್ತ್ರಿಯ ಎರಡೂ ಮೊಣಕಾಲುಗಳ ಮೇಲೆ ಚರ್ಮ ಹಿಮ್ಮಡಿಯಷ್ಟು ದಪ್ಪಗಟ್ಟಿತ್ತು. ಯಾವ ಗಾಡಿ ಬಂದರೂ ಅವರು ಮೊದಲು ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಗೋಕಾಕದ ಹೊರಗೆ, ಹೊಳೆದಂಡೆಯ ಹಸಿ ಎರೆಮಣ್ಣಿನ ಮೇಲೆ ಅದನ್ನು ನೆಟ್ಟಗೆ ಓಡಿಸಲು ಹೇಳಿ, ಗಾಲಿಯ ಗುರುತಿನ ಪಕ್ಕ ಮೊಣಕಾಲೂರಿ, ಮಾರುದ್ದ ತೆವಳುತ್ತ ಬೆರಳಿನಿಂದ ಅಳೆಯುತ್ತಿದ್ದರು. "ಡ್ರೈವರ ಸುಳ್ಳ ಹೇಳತಾನ, ಮಾಲಕ ಸುಳ್ಳ ಹೇಳತಾನ, ಗಾಲಿ ಹೇಳಂಗಿಲ್ಲ" ಎನ್ನುತ್ತಿದ್ದರು. ನಾನು ಡ್ರೈವರ್. ಆ ಮಾತಿಗೆ ಆಗ ನಕ್ಕಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳವು. ಮಲೇರಿಯಾ ಔಷಧ ಸಿಂಪಡಿಸುವವರನ್ನು ಹಳ್ಳಿಗಳಿಗೆ ಒಯ್ಯುವ ಸರಕಾರಿ ಜೀಪು ನನ್ನ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಗಾಡಿ. ಹಳ್ಳ, ಕಲ್ಲು, ಹೊಲದ ದಾರಿ ಯಾವುದಕ್ಕೂ ಜಗ್ಗುತ್ತಿರಲಿಲ್ಲ, ಆದರೆ ಸ್ಟಿಯರಿಂಗ್ ಸಡಿಲಾಗಿತ್ತು. ನಾನು ತಿರುಗಿಸಿದಾಗ ತಿರುಗದೆ, ತನಗೆ ಮನಸ್ಸು ಬಂದಾಗ ತಿರುಗುತ್ತಿತ್ತು. ನಿಯಮದಂತೆ ಜಿಲ್ಲಾ ಕೇಂದ್ರದಲ್ಲಿ ಸರಕಾರ ಗೊತ್ತುಮಾಡಿದ ಗ್ಯಾರೇಜಿಗೆ ಕಳಿಸಿದರು. ಅವರು ಹದಿನೈದು ದಿನ ಇಟ್ಟುಕೊಂಡು, ಸ್ಟಿಯರಿಂಗ್ ಪೆಟ್ಟಿಗೆಯ ಒಂದು ತಿರುಪು ಬಿಗಿದು, ಮೇಲೆ ಬಣ್ಣ ಬಳಿದು ಕಳಿಸಿದರು. ಈಗ ತಿರುಗಿಸಿದ ಗಾಲಿ ಮರಳಿ ನೆಟ್ಟಗಾಗುತ್ತಲೇ ಇರಲಿಲ್ಲ. ಘೋಡಗೇರಿಯ ಹತ್ತಿರ ಚಕ್ಕಡಿಯ ಎತ್ತುಗಳಿಗೆ ಗುದ್ದುವುದು ಗೇಣಿನ ಅಂತರದಲ್ಲಿ ತಪ್ಪಿತು. ಮರುದಿನ ಕಚೇರಿಯಲ್ಲಿ ಯಾರಿಗೂ ಹೇಳದೆ ಮಿಸ್ತ್ರಿಯ ತಗಡಿನ ಶೆಡ್ಡಿಗೆ ಹೋದೆ.

ಅವರು ಗುರುತು ನೋಡಿದರು, ಗಾಡಿಯ ಕೆಳಗೆ ಹೊಕ್ಕು ಹೊರಬಂದರು. "ಬ್ಯಾನಿ ಕಾಲಾಗ ಐತಿ, ಇವರು ಕುತ್ತಿಗಿ ಹಿಚಕ್ಯಾರ" ಎಂದರು. ಎರಡು ಗಾಲಿಗಳ ರಾಡುಗಳು ಸೇರುವ ನಡುವಿನ ಕೀಲು ಸವೆದುಹೋಗಿತ್ತು. ಹೊಸದು ಎಲ್ಲಿಯೂ ಸಿಗುವಂತಿರಲಿಲ್ಲ. ಗೋಕಾಕ ಫಾಲ್ಸಿನಲ್ಲಿದ್ದ ಗೆಳೆಯನ ಲೇಥಿನ ಮೇಲೆ, ಕೀಲಿನೊಳಗೆ ಕೂರುವ ಕಂಚಿನ ಬಳೆ, ಬುಶ್, ಕಡೆದರು. ಮೂರು ಬುಶ್ ಮನಸ್ಸಿಗೆ ಬರದೆ ಎಸೆದು, ನಾಲ್ಕನೆಯದನ್ನು ಕೂಡಿಸಿದರು. ಬಿಗಿದಿದ್ದ ತಿರುಪನ್ನು ಸಡಿಲಿಸಿದರು. ಅಂದು ಹೊಳೆದಂಡೆಯ ಮಣ್ಣಿನಲ್ಲಿ ಮೂಡಿದ ಗೆರೆ ಕೂರಿಗೆಯ ಸಾಲಿನಷ್ಟು ನೆಟ್ಟಗಿತ್ತು.

ಗಾಡಿಯ ಪುಸ್ತಕದಲ್ಲಿ ಈ ಕೆಲಸವನ್ನು ತಮ್ಮ ಹೆಸರಿನೊಂದಿಗೆ ಬರೆಯಬೇಕೆಂದು ಮಾತ್ರ ಕೇಳಿದರು. ಹೊರಗಿನವರ ಕೈ ಮುಟ್ಟಿಸಿದ್ದು ಗೊತ್ತಾದರೆ ಸಾಹೇಬರು ನನ್ನನ್ನು ಬಿಡುವುದಿಲ್ಲ ಎಂದೆ. "ಮಾಡಿದ ಕೆಲಸಕ್ಕ ಹೆಸರ ಇರಬೇಕ್ರಿ. ನಾಳೆ ಕೆಟ್ಟರ ನನ್ನ ಕೇಳಾಕ ಬರಬೇಕಲ್ಲ" ಎಂದರು. ಬರೆಯುತ್ತೇನೆಂದು ಹೇಳಿ ಬಂದೆ. ಬರೆಯಲಿಲ್ಲ.

ಎರಡು ವರ್ಷ ಜೀಪು ಒಂದು ಮಾತೂ ಆಡಲಿಲ್ಲ. ಆಮೇಲೆ ಕಚೇರಿಯವರು ವಾಡಿಕೆಯ ತಪಾಸಣೆಗೆಂದು ಅದೇ ಗ್ಯಾರೇಜಿಗೆ ಕಳಿಸಿದರು. ಅಲ್ಲಿ ಎಲ್ಲವನ್ನೂ ಬಿಚ್ಚಿ ಜೋಡಿಸಿದರು. ಗಾಡಿ ಮರಳಿ ತಂದ ನಾಲ್ಕನೆಯ ದಿನ, ದಡ್ಡಿ ಎಂಬ ಊರಿನ ಹೊಳೆಗೆ ಇಳಿಯುವ ದಾರಿಯಲ್ಲಿ ರಾಡು ಕಳಚಿತು. ಜೀಪು ತಗ್ಗಿಗೆ ಉರುಳಿ, ಹಿಂದೆ ಕೂತಿದ್ದ ಔಷಧ ಹೊಡೆಯುವವನ ಕಾಲು ಅದರ ಕೆಳಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಆ ಕಾಲನ್ನೇ ಕತ್ತರಿಸಿ ತೆಗೆದರು. ನನಗೆ ತರಚಿದ ಗಾಯವೂ ಇಲ್ಲ. ಅವನನ್ನು ಸಾಗಿಸಿದ ಮೇಲೆ ನಾನು ಬಗ್ಗಿ ನೋಡಿದ್ದೆ. ರಾಡಿನ ನಟ್ಟು ಬಿದ್ದುಹೋಗಿತ್ತು. ಅದನ್ನು ತಡೆಯುವ ಪಿನ್ನಿನ ತೂತಿನಲ್ಲಿ ಹೊಸ ಗ್ರೀಸು ಗಟ್ಟಿಯಾಗಿ ತುಂಬಿತ್ತು. ಗ್ಯಾರೇಜಿನವರು ಪಿನ್ನು ಹಾಕಿಯೇ ಇರಲಿಲ್ಲ.

ವಿಚಾರಣೆಯ ದಿನ ಗ್ಯಾರೇಜಿನವರು ಮಿಸ್ತ್ರಿಯ ಬುಶ್ಶನ್ನು ಮೇಜಿನ ಮೇಲಿಟ್ಟು, ಇದು ಕಂಪನಿಯ ಮಾಲಲ್ಲ ಎಂದರು. ಇದನ್ನು ಹಾಕಿದವರು ಯಾರೆಂದು ಸಾಹೇಬರು ಕೇಳಿದರು. ನನಗೆ ನೌಕರಿ ಕಾಣಿಸಿತು, ಮನೆಯಲ್ಲಿ ಐದು ಮಕ್ಕಳು ಕಾಣಿಸಿದರು. ಗೋಕಾಕದ ಮಿಸ್ತ್ರಿ ಎಂದೆ. ಹೇಳಿದ್ದು ಸುಳ್ಳಲ್ಲ. ಪಿನ್ನಿನ ಮಾತು ಎತ್ತಲಿಲ್ಲ, ಅಷ್ಟೆ. ತಪ್ಪು ಆ ಬುಶ್ಶಿನದೆಂದು ಬರೆದುಕೊಂಡು, ನನಗೆ ತಾಕೀತು ಮಾಡಿ ಬಿಟ್ಟರು.

ಸುದ್ದಿ ಹಬ್ಬಿತು. ಮುದಲಗಿಯ ವ್ಯಾಪಾರಸ್ಥರು ಮಿಸ್ತ್ರಿಯ ಶೆಡ್ಡಿಗೆ ಲಾರಿ ಕಳಿಸುವುದನ್ನು ನಿಲ್ಲಿಸಿದರು. ಹುಕ್ಕೇರಿಯ ಕಡೆಯವರು ಅವರನ್ನು ಕಾಲು ತೆಗೆದ ಮಿಸ್ತ್ರಿ ಎಂದೇ ಕರೆಯತೊಡಗಿದರು. ಒಮ್ಮೆ ಸಂತೆಯಲ್ಲಿ ಎದುರಾದರು. ನಾನು ಪಕ್ಕಕ್ಕೆ ಸರಿಯುವಷ್ಟರಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಪಿನ್ನ ಇತ್ತೇನ್ರಿ? ನಾ ಹಾಕಿದ್ದೆ."

"ನೆನಪಿಲ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕಾಲು ಹೋದವನು ಹೇಗಿದ್ದಾನೆಂದು ವಿಚಾರಿಸಿ ಹೊರಟುಹೋದರು. ಆ ವರ್ಷವೇ ಶೆಡ್ಡು ಮುಚ್ಚಿತು. ಊರೂರು ತಿರುಗಿ ಕಬ್ಬಿನ ಗಾಣಗಳ ಹಲ್ಲುಗಾಲಿಗಳನ್ನು ಅರದಿಂದ ತಿಕ್ಕುವ ಕೆಲಸ ಹಿಡಿದರು. ನಾಲ್ಕು ವರ್ಷಕ್ಕೆ ತೀರಿಕೊಂಡರು.

ತಿಂಗಳು ಕಳೆದ ಮೇಲೆ, ಖರೆ ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಹೆಂಡತಿ ಬಾಗಿಲಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

"ನನಗ ಹೇಳಬ್ಯಾಡ್ರಿ. ಅವರು ಇದ್ದಾಗ ಹೇಳಬೇಕಿತ್ತು. ಡ್ರೈವರ ಒಂದಿನ ಬರ್ತಾನ, ಬಂದ್ರ ಚಾ ಕೊಟ್ಟ ಕಳಸು ಅಂದಿದ್ರು. ಅದಕ್ಕ ಕೊಡಾಕತ್ತೇನಿ, ಕೂಡ್ರಿ."

ಚಹಾ ತಂದು ನೆಲದ ಮೇಲಿಟ್ಟು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಒಬ್ಬನೇ ಕೂತು ಕುಡಿದೆ. ಬಿಟ್ಟು ಏಳುವ ಧೈರ್ಯವೂ ನನಗಿರಲಿಲ್ಲ.