ಅಕ್ಕನದು ಅರೆ ತಲೆ

ಇವತ್ತು ತೇನಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಬೆರಳಿನ ಓಟಿನ ಮಸಿ ಇನ್ನೂ ಹೊಳೆಯುತ್ತಿದ್ದ ಮಹಾಶಯರೊಬ್ಬರು ಓದಿದವರಿಗೆ ಮಾತ್ರ ಓಟು ಕೊಡಬೇಕೆಂದು ತೀರ್ಪು ಕೊಟ್ಟರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮೀಸೆ ನರೆಯುವ ಹೊತ್ತಿಗೆ ಹತ್ತನೇ ಕ್ಲಾಸು ಪಾಸಾದವನು ನಾನು. ಇಂಥ ಮಾತಿಗೆ ತಲೆಯಾಡಿಸುವುದು ಆ ಸರ್ಟಿಫಿಕೇಟಿನಿಂದ ಸಿಕ್ಕಿರುವ ಒಂದೇ ಲಾಭ. ಆದರೆ ಟೀ ಮುಗಿಯುವ ಮೊದಲೇ ಅಕ್ಕನ ನೆನಪಾಗಿ ನಗು ಬಂತು.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವವರ ಬೀದಿ, ಸ್ವಾಮಿ. ಸರ್ಕಾರ ಎಲ್ಲರಿಗೂ ಓಟು ಕೊಟ್ಟಿದೆ. ಪಾಪ, ಅದಕ್ಕೆ ಅಷ್ಟು ಬುದ್ಧಿಯಿಲ್ಲ. ಗುಡಿಯ ಯಜಮಾನನನ್ನು ಆರಿಸುವಾಗ ನಾವು ತಲೆಕಟ್ಟು, ಅಂದರೆ ಸಂಸಾರಕ್ಕೊಂದು ತಲೆ, ಎಣಿಸುತ್ತೇವೆ. ಮದುವೆಯಾದ ಗಂಡಸು ಒಂದು ತಲೆ. ಗಂಡ ಸತ್ತವಳು ಅರೆ, ಆದರೆ ಅರೆಯ ಕೈ ಎಣಿಸುವ ರೂಢಿಯಿಲ್ಲ. ಮದುವೆಯಾಗದವನು ಸೊನ್ನೆ. ನಾನು ಸೊನ್ನೆ. ಕೂಟ ನಡೆಯುವಾಗ ಹೊರಗೆ ಚಪ್ಪಲಿ ಕಾಯುವ ಹುದ್ದೆ ನನ್ನದು.

ಭಾವ ತೀರಿಕೊಂಡ ಮೇಲಿನ ಮೊದಲ ಕೂಟ. ಹಳೆಯ ಯಜಮಾನರೇ ಮತ್ತೆ ನಿಂತಿದ್ದರು. ನಮಗೆ ದೂರದ ಮಾವ. ಅವರ ಎದುರಾಳಿಗೆ ಅಕ್ಕ ಕೈಯೆತ್ತಿದಳು.

"ಅರೆ ತಲೆ ಕೈ ಎತ್ತಂಗಿಲ್ಲ ತಾಯೀ."

"ಯಾಕ್ ಮಾವ? ಪೊಂಗಲ್ ದಿವ್ಸ ನಾನ್ ಮಾಡಿದ್ ಹುಳಿಯನ್ನ ಅರೆ ಹೊಟ್ಟೆ ತಿಂದ್ಯಾ?"

ಮಾವ ನಕ್ಕರು. "ಸರಿಮ್ಮಾ. ಎರಡು ಅರೆ ಸೇರಿದ್ರೆ ಒಂದು ತಾನೆ? ಎದುರ್ಮನೆ ರಂಗಮ್ಮನ್ ಕೂಡ್ಕಂಡು ಎತ್ತು, ಎಣಿಸ್ತೀನಿ."

ಕೂಟವೆಲ್ಲ ನಕ್ಕಿತು. ರಂಗಮ್ಮನೂ ಗಂಡನಿಲ್ಲದವಳು, ಅವಳ ಆಡು ನಮ್ಮ ನುಗ್ಗೆಸಸಿ ತಿಂದಾಗಿನಿಂದ ಇಬ್ಬರಿಗೂ ಮಾತಿಲ್ಲ. ಮಾವ ಅಷ್ಟೊಂದು ಉದಾರಿಯಾದದ್ದು ಅದಕ್ಕೇ.

ಅಕ್ಕ ಎದ್ದು ಹೋಗಿ ರಂಗಮ್ಮನ ಪಕ್ಕ ಕೂತಳು. ಮುಖ ನೋಡದೆ, "ಯಾರ್ಗೆ?" ಎಂದಳು.

"ಮಾವನ್ ಬಿಟ್ಟು ಯಾರ್ಗಾದ್ರೂ," ಎಂದಳು ರಂಗಮ್ಮ, ಗೋಡೆ ನೋಡುತ್ತ.

ಎರಡು ಕೈ ಒಟ್ಟಿಗೆ ಎದ್ದವು. ಮಾವ ಗೆದ್ದರೇನೋ ನಿಜ, ಆದರೆ ಅಂದಿನಿಂದ ಬೀದಿಯ ಅರೆಗಳೆಲ್ಲ ಜೋಡಿ ಹುಡುಕತೊಡಗಿದವು. ಹೆಂಗಸರು ಹೀಗೆ ಕೂಡಿ ಮಾತಾಡುವ ಅಪಾಯ ಕಂಡು ಹಿರಿಯರೇ ದೊಡ್ಡ ಮನಸ್ಸು ಮಾಡಿದರು: ಇನ್ನು ಅರೆಯಿಲ್ಲ, ಅವರಿಗೂ ತಲಾ ಒಂದು. ಉಪಾಯ ಫಲಿಸಿತು. ಈಗ ಅಕ್ಕ ಒಬ್ಬನಿಗೆ ಕೈಯೆತ್ತಿದರೆ ರಂಗಮ್ಮ ತಪ್ಪದೆ ಇನ್ನೊಬ್ಬನಿಗೆ.

ಟೀ ಗ್ಲಾಸು ಇಟ್ಟು ಮನೆಗೆ ಬಂದೆ. ಓದಿನ ವಾದಕ್ಕೆ ಇನ್ನು ತಲೆಯಾಡಿಸಲಾರೆ. ಜೊತೆಗೆ ನನ್ನ ಸೊನ್ನೆಯ ಮೇಲೂ ಸಿಟ್ಟು ಬಂದಿತ್ತು. ಅಕ್ಕನ ಮಾತಿಗೆ ಈಗ ಕೂಟದಲ್ಲಿ ತೂಕವುಂಟು.

"ಅಕ್ಕಾ, ಮದ್ವೆ ಆಗ್ದೋರ್ನೂ ಎಣಿಸ್ಬೇಕು ಅಂತ ಈ ಸಲ ನೀನ್ ಕೇಳು."

ಅಕ್ಕ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೇಳ್ಬೋದು ತಂಬಿ. ಆದ್ರೆ ಸಂಸಾರ ಮಾಡ್ದೇ ಇರೋರ್ಗೆ ಏನ್ ಗೊತ್ತಾಗುತ್ತೆ?"